ಫುಲ್ ಟ್ಯಾಂಕ್

ಈ ಸಲ ಕಾರಿನಲ್ಲಿ ಬೂಬ ಇರಲಿಲ್ಲ. ಆದರೂ ಕಾರು ನಿಂತಿತು. ಮುಂಬ್ರಾ ಬೈಪಾಸಿನ ಏರಿನಲ್ಲಿ, ಗುಡ್ಡ ಕಡಿದು ರಸ್ತೆ ಮಾಡಿದ ಅದೇ ತಿರುವಿನಲ್ಲಿ, ಮೊದಲು ಒಂದು ಬಿಕ್ಕಳಿಕೆ, ಆಮೇಲೆ ಎರಡು ಎಳೆತ, ಆಮೇಲೆ ತೀರಾ ಸಭ್ಯವಾದೊಂದು ಮೌನ. ರಘುಪತಿ ಉಳಿದ ವೇಗದಲ್ಲೇ ಕಾರನ್ನು ಬದಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೊಂದು ಕಲ್ಲು ಕೊಟ್ಟು ನಿಂತ. ಅವನಿಗೆ ಮೊದಲು ಹೊಳೆದದ್ದು ಪೆಟ್ರೋಲಲ್ಲ, ಪಂಪಲ್ಲ, ಬೂಬ. ಏಳು ವರ್ಷಗಳ ಹಿಂದೆ ಇದೇ ಕಾರು ಇದೇ ಏರಿನಲ್ಲಿ ಹೀಗೆಯೇ ನಿಂತಾಗ ಸ್ಟೇರಿಂಗ್ ಹಿಡಿದಿದ್ದವನು ಮೆಕ್ಯಾನಿಕ್ ಬೂಬ. ಆದ್ದರಿಂದ ಬೂಬ ಕಳ್ಳನಾದ. ಡೊಂಬಿವಲಿಯ ಮದುವೆ ಹಾಲಿನಲ್ಲಿ, ಮುನ್ನೂರು ಜನರೆದುರು, ಅವನನ್ನು ಪೆಟ್ರೋಲ್ ಕಳ್ಳ ಎಂದು ಕರೆದವನು ರಘುಪತಿ. ಈಗ ಯಾರೂ ಕದಿಯದೆ, ಕಾರು ತಾನಾಗಿ ನಿಂತಿದೆ ಎಂದರೆ... ಆ ವಾಕ್ಯವನ್ನು ಅವನು ಪೂರ್ತಿ ಮಾಡಲಿಲ್ಲ. ಅರ್ಧ ವಾಕ್ಯ ಬಿಡುವ ಜಾತಿಯವನಲ್ಲ ಅವನು. ಬೇಲಾಪುರದ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಬೇರೆಯವರ ಅರ್ಧ ವಾಕ್ಯಗಳನ್ನು ಪೂರ್ತಿ ಮಾಡಿಯೇ ಸುಪರಿಂಟೆಂಡೆಂಟ್ ಆಗಿ ನಿವೃತ್ತನಾದವನು.

ಕಾರು ತೊಂಬತ್ತಾರರ ಪದ್ಮಿನಿ. ಬಿಳಿ, ಅಂದರೆ ಕೊಂಡಾಗ ಬಿಳಿ. ಐದು ವರ್ಷಕ್ಕೊಮ್ಮೆ ಅದನ್ನು ಆರ್‌ಟಿಓ ಮುಂದೆ ನಿಲ್ಲಿಸಿ ಇನ್ನೂ ಬದುಕಿದೆ ಎಂದು ಸಾಬೀತು ಮಾಡಬೇಕು. ಆ ದಿನ ಬರುವ ಗುರುವಾರ ಇತ್ತು. ಅದಕ್ಕೆ ಮುಂಚೆ ಒಂದು ದೂರದ ಟ್ರಯಲ್ ಆಗಲಿ ಎಂದು ಈ ಭಾನುವಾರ ಬೆಳಿಗ್ಗೆ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ಠಾಣೆಯ ನೌಪಾಡಾದಿಂದ ಹೊರಟಿದ್ದ. "ಶಿಳ್‌ಫಾಟಾದವರೆಗೆ. ಹೋದೆ, ಬಂದೆ," ಎಂದಿದ್ದ ಹೆಂಡತಿಗೆ. "ಕಳೆದ ಸಲ ಹೋದದ್ದು ಮಾತ್ರ ಗೊತ್ತಾಯ್ತು. ಬರುವಾಗ ಅನ್ನ ಆರಿ ಅಂಟಾಗಿತ್ತು," ಎಂದು ಸುಲೋಚನಾ ಪೇಪರಿನಿಂದ ತಲೆಯೆತ್ತದೆ ಹೇಳಿದ್ದಳು. ನೌಪಾಡಾದೊಳಗೆ ಕಾರು ಎಂದೂ ನಿಂತದ್ದಿಲ್ಲ. ತರಕಾರಿಗೆ, ದೇವಸ್ಥಾನಕ್ಕೆ, ಡೆಂಟಿಸ್ಟಿನ ಹತ್ತಿರಕ್ಕೆ ಅದು ವಿಧೇಯ ಪ್ರಾಣಿ. ಹತ್ತು ಕಿಲೋಮೀಟರು ದಾಟಿದರೆ ಮಾತ್ರ ಅದಕ್ಕೆ ಅದರದೇ ವಿಚಾರಗಳು ಹುಟ್ಟುತ್ತಿದ್ದವು.

ಈ ವಿಚಾರಗಳಿಗೆ ರಘುಪತಿಯ ಬಳಿ ಒಂದು ಸಿದ್ಧಾಂತವಿತ್ತು. ಎಂಜಿನ್ನಿನ ಶಾಖಕ್ಕೆ ಪೆಟ್ರೋಲು ಪೈಪಿನೊಳಗೇ ಆವಿಯಾಗುತ್ತದೆ, ಆವಿಯನ್ನು ಪಂಪು ಎಳೆಯಲಾರದು. ಆದ್ದರಿಂದ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹದಿನೈದು ನಿಮಿಷ ಕಾಯಬೇಕು. ಬಟ್ಟೆ ಎಂದರೆ ಹಳೆಯ ಪಂಚೆಯ ತುಂಡು. ಅದು ಡಿಕ್ಕಿಯಲ್ಲಿ ಒಂದು ಬಾಟಲಿ ನೀರಿನ ಜೊತೆ ಸದಾ ಇರುತ್ತಿತ್ತು. ಹಾಕುತ್ತಿದ್ದ, ಕಾಯುತ್ತಿದ್ದ, ಕಾರು ಹೊರಡುತ್ತಿತ್ತು. ಏಳು ವರ್ಷದಲ್ಲಿ ಆರು ಸಲ ಸಾಬೀತಾದ ಸಿದ್ಧಾಂತ. ಒದ್ದೆ ಬಟ್ಟೆಗೆ ಹೊರಡುವ ಕಾರು ಮದುವೆಯ ದಿನ ಬೂಬನಿಗೂ ಅದೇ ಕಾರಣಕ್ಕೆ ನಿಂತಿರಬಹುದಲ್ಲ ಎಂದು ಅವನಿಗೆ ಹೊಳೆಯದೆ ಇರಲಿಲ್ಲ. ಆದರೆ ಅವು ಎರಡು ಬೇರೆ ಫೈಲುಗಳು. ಎರಡನ್ನೂ ಒಂದೇ ಮೇಜಿನ ಮೇಲೆ ಬಾರದಂತೆ ನೋಡಿಕೊಳ್ಳುವುದು ಹೇಗೆ ಎಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಈವತ್ತು ಬಟ್ಟೆಗೆ ನೀರು ಹಾಕುತ್ತಿದ್ದವನ ಕೈ ನಡುಗಿತು. ವಯಸ್ಸಿಗಲ್ಲ, ಚಳಿಗೆ. ಜನವರಿಯ ಎಂಟು ಗಂಟೆ. ಖಾಡಿಯ ಹಿನ್ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಪಂಪನ್ನು ಮುಟ್ಟಿದರೆ ಅದು ಹಿತವಾಗಿ ಬೆಚ್ಚಗಿತ್ತು, ಅಷ್ಟೆ. ಇಂಥ ಬೆಳಿಗ್ಗೆ ಯಾವ ಪೆಟ್ರೋಲು ಆವಿಯಾಗುತ್ತದೆ? ಸಿದ್ಧಾಂತ ಅವನ ಕೈಯಲ್ಲೇ ತಣ್ಣಗೆ ತೊಟ್ಟಿಕ್ಕಿತು. ಸರಿ, ಮೊದಲಿಂದ ಶುರುಮಾಡುವಾ ಎಂದುಕೊಂಡ. ಹಾಗೆ ಅಂದುಕೊಂಡ ಕೂಡಲೇ ಅವನಿಗೆ ಹುರುಪು ಬಂತು. ಕಾರ್ಬುರೇಟರಿಗೆ ಹೋಗುವ ಪೈಪು ಕಳಚಿ ಸೆಲ್ಫ್ ಹೊಡೆದ: ಒಂದು ಹನಿಯೂ ಇಲ್ಲ. ಹಾಗಾದರೆ ಕಾರ್ಬುರೇಟರಿನದ್ದಲ್ಲ ತಪ್ಪು, ಅದಕ್ಕೆ ಊಟವೇ ಬರುತ್ತಿಲ್ಲ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪನ್ನು ಬಿಡಿಸಿ, ಅದರ ಬಾಯನ್ನು ಮಡಚಿ ಕಟ್ಟಿ, ಪಂಪಿಗೊಂದು ತುಂಡು ಪೈಪು ಸಿಕ್ಕಿಸಿ, ಅದರ ತುದಿಯನ್ನು ಎಮರ್ಜೆನ್ಸಿಗೆ ಇಟ್ಟ ಪೆಟ್ರೋಲ್ ಬಾಟಲಿಗೆ ಇಳಿಸಿ, ಮತ್ತೆ ಹೋಗಿ ಸೆಲ್ಫ್ ಹೊಡೆದು ಬಂದು ನೋಡಿದ: ಬಾಟಲಿ ಎರಡು ಬೆರಳು ಇಳಿದಿತ್ತು. ಪಂಪು ಗಟ್ಟಿ. ಉಳಿದದ್ದು ಪಂಪಿನಿಂದ ಹಿಂದೆ, ಟ್ಯಾಂಕಿನವರೆಗಿನ ಒಂದೂವರೆ ಮಾರು ಕೊಳವೆ. ಅದಕ್ಕೆ ಬಾಯಿಟ್ಟು ಊದುವ ಮೊದಲು, ಟ್ಯಾಂಕಿನೊಳಗಿನ ಗುಳುಗುಳು ಕೇಳಿಸಲಿ ಎಂದು ಹಿಂದೆ ಹೋಗಿ ಪೆಟ್ರೋಲ್ ಮುಚ್ಚಳ ತಿರುಗಿಸಿದ.

ಮುಚ್ಚಳ ಸುಲಭಕ್ಕೆ ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದುಕೊಂಡಿದ್ದಂತೆ. ಬಂದಾಗ ಸ್‌ಸ್‌ಸ್ ಎಂದು ಕಾರು ಗಾಳಿಯನ್ನು ಒಳಕ್ಕೆಳೆದುಕೊಂಡಿತು. ಎಷ್ಟು ಹೊತ್ತು ಎಳೆಯಿತೆಂದರೆ ಅವನು ಬಗ್ಗಿ ಕಿವಿಯಿಟ್ಟ. ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸಾಸಿವೆಯಷ್ಟು ತೂತು ಇರುತ್ತದೆ. ತೂತು ಎಲ್ಲಿ? ಮುಚ್ಚಳದ ನಡುವೆ, ತೂತು ಇರಬೇಕಾದಲ್ಲಿ, ಕಂದು ಬಣ್ಣದ ಒಂದು ಗಡ್ಡೆ. ಉಗುರಿನಿಂದ ಕೆರೆದ. ಹುಡಿ ಉದುರಿತು. ಮೂಸಿದ. ಪೆಟ್ರೋಲಿನ ವಾಸನೆಯ ಅಡಿಯಿಂದ, ಸಂಕೋಚಪಟ್ಟುಕೊಂಡು, ಗಂಧದ ವಾಸನೆ ಬಂತು.

ಆಯುಧಪೂಜೆಗೆ ಎಲ್ಲರೂ ಕಾರಿನ ಬಾನೆಟ್ಟಿಗೆ, ಸ್ಟೇರಿಂಗಿಗೆ, ಚಕ್ರಕ್ಕೆ ಗಂಧ ಹಚ್ಚುತ್ತಾರೆ. ಪೆಟ್ರೋಲಿನ ಬಾಯಿಯನ್ನು ಯಾರೂ ನೆನೆಯುವುದಿಲ್ಲ. ಉಣ್ಣುವ ಬಾಯಿಗೇ ಪೂಜೆ ಇಲ್ಲದಿದ್ದರೆ ಹೇಗೆ ಎಂಬುದು ರಘುಪತಿಯ ಸ್ವಂತ ಸಂಶೋಧನೆ. ಸೊಸೈಟಿಯ ಮರಾಠಿ ಹೆಂಗಸರು ಅದನ್ನು ಮೆಚ್ಚಿಯೂ ಇದ್ದರು. ಪ್ರತಿವರ್ಷ ತೇದ ಗಂಧದ ಒಂದು ಬೊಟ್ಟು, ಅದರ ಮೇಲೆ ಎಣ್ಣೆಯಲ್ಲಿ ಕಲೆಸಿದ ಕುಂಕುಮ. ಗಂಧ ಒಣಗಿ ಬಿರಿಯುತ್ತದೆ, ಎಣ್ಣೆಯ ಕುಂಕುಮ ಬಿರುಕನ್ನು ಮುಚ್ಚುತ್ತದೆ, ಮರುವರ್ಷ ಮತ್ತೆ ಗಂಧ. ಇಷ್ಟು ಭದ್ರವಾದ ಬಿರಡೆಯನ್ನು ಯಾವ ಕಾರ್ಖಾನೆಯೂ ಮಾಡಿರಲಿಕ್ಕಿಲ್ಲ. ಗಾಳಿ ಅದರ ಬಿರುಕುಗಳಲ್ಲಿ ಹದಿನೈದು ನಿಮಿಷ ತೆವಳಿ ಒಳಗೆ ಹೋಗುತ್ತಿತ್ತು. ಗೌರವ ಒದ್ದೆ ಬಟ್ಟೆಗೆ ಸಲ್ಲುತ್ತಿತ್ತು. ಟ್ಯಾಂಕು ಅರ್ಧ ಖಾಲಿಯಿದ್ದರೆ ಒಳಗಿನ ಗಾಳಿಯಲ್ಲೇ ತುಸು ದೂರ ನಡೆಯುತ್ತದೆ. ಕಂಠಮಟ್ಟ ತುಂಬಿದ್ದರೆ ಬೇಗ ನಿಲ್ಲುತ್ತದೆ. ಇಂದು ತುಂಬಿತ್ತು. ಮದುವೆಯ ದಿನವೂ ತುಂಬಿತ್ತು, ತುಂಬಿಸಿದವನೂ ಅವನೇ. ಎರಡು ಫೈಲುಗಳೂ ಈಗ ಒಂದೇ ಮೇಜಿನ ಮೇಲಿದ್ದವು.

ತಂಗಿಯ ಮಗಳು ಪ್ರೇಕ್ಷಾಳ ಮದುವೆ. ದೀಪಾವಳಿ ಕಳೆದು ಎರಡು ವಾರ. ಮುಚ್ಚಳದ ಗಂಧ ಹೊಸತು. ಮದುಮಗಳನ್ನು ಠಾಣೆಯಿಂದ ಡೊಂಬಿವಲಿಗೆ ಕರೆತರಲು, ಭಾನುವಾರ ಮನೆಮನೆಗೆ ಬಂದು ನಮ್ಮ ಊರ ಕಡೆಯವರ ಕಾರುಗಳನ್ನು ರಿಪೇರಿ ಮಾಡಿಕೊಡುತ್ತಿದ್ದ ಬೂಬನನ್ನೇ ಕೂರಿಸಿದ್ದರು. ಮುಹೂರ್ತ ಹನ್ನೊಂದೂ ಹತ್ತಕ್ಕೆ. ಕಾರು ಬಂದದ್ದು ಹನ್ನೆರಡಕ್ಕೆ. ಪುರೋಹಿತರು ಪಂಚಾಂಗ ಮಗುಚಿ ಇನ್ನೊಂದು ಮುಹೂರ್ತ ಕೊಟ್ಟರು, ಮದುವೆಯೇನೋ ಆಯಿತು. ಆದರೆ ಮದುಮಗಳ ಜೊತೆ ಬಂದ ಸುಲೋಚನಾ ಕಾರಿನಿಂದ ಇಳಿಯುತ್ತಲೇ, ತಾನು ಕಂಡದ್ದನ್ನು ಹೇಳಿದಳು: ಬೈಪಾಸಿನಲ್ಲಿ ಕಾರು ನಿಂತಾಗ ಬೂಬ ಹಿಂದೆ ಹೋಗಿ ಪೆಟ್ರೋಲ್ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದಿದ್ದ, ಕೊರಳಲ್ಲಿ ರಬ್ಬರು ಕೊಳವೆ ಇತ್ತು, ಅವನ ಕೈಯೆಲ್ಲ ಪೆಟ್ರೋಲ್ ನಾತ. ರಘುಪತಿ ಕೀ ತಿರುಗಿಸಿ ನೋಡಿದ: ಮುಳ್ಳು ಅರ್ಧದಲ್ಲಿ. "ಫುಲ್ ಟ್ಯಾಂಕ್ ಹಾಕಿಸಿ ಕೊಟ್ಟದ್ದು ನಾನು. ಅರ್ಧ ಎಲ್ಲಿ ಹೋಯ್ತು?" ಎಂದು ಹಾಲಿನ ಬಾಗಿಲಲ್ಲೇ ಕೇಳಿದ, ಓಲಗದವರು ಅದೇ ಹೊತ್ತಿಗೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದರಿಂದ ಮಾತು ಕೊನೆಯ ಸಾಲಿನವರೆಗೂ ಮುಟ್ಟಿತು. "ಮುಚ್ಚಳ ತೆಗೆದದ್ದಕ್ಕೇ ಸರ್ ಗಾಡಿ ಸ್ಟಾರ್ಟ್ ಆದದ್ದು," ಎಂದಿದ್ದ ಬೂಬ. ಜನ ನಕ್ಕಿದ್ದರು. "ಕಳ್ಳನಿಗೆ ಒಂದು ಒಳ್ಳೆ ಸುಳ್ಳೂ ಗೊತ್ತಿಲ್ಲ," ಎಂದಿದ್ದ ರಘುಪತಿ; ಅದಕ್ಕೆ ಇನ್ನೂ ನಕ್ಕಿದ್ದರು. ಆ ಮುಳ್ಳು ಎರಡು ಸಾವಿರದ ಹನ್ನೊಂದರಿಂದಲೂ ಅರ್ಧದಲ್ಲೇ ಕೂತಿದೆ ಎಂಬುದು ಮರುದಿನ ಹಲ್ಲುಜ್ಜುವಾಗ ನೆನಪಾಯಿತು. ಅವನು ಹಲ್ಲುಜ್ಜುವುದನ್ನು ಮುಂದುವರಿಸಿದ. ಆಮೇಲೆ ನಮ್ಮವರು ಯಾರೂ ಬೂಬನಿಗೆ ಕಾರು ಕೊಡಲಿಲ್ಲ. ಅವನು ಕಲ್ಯಾಣಕ್ಕೆ ಹೋಗಿ ಬೈಕು, ರಿಕ್ಷಾ ರಿಪೇರಿ ಮಾಡುತ್ತಿದ್ದಾನೆ ಎಂದು ಯಾರೋ ಹೇಳಿದ್ದರು.

ಕೀ ಗೊಂಚಲಿನ ಸೇಫ್ಟಿಪಿನ್ನಿನಿಂದ ತೂತು ಬಿಡಿಸಿ, ಪೈಪುಗಳನ್ನು ಜೋಡಿಸಿ ಸೆಲ್ಫ್ ಹೊಡೆದ. ಕಾರು ಹುಡುಗಿಯಂತೆ ಹೊರಟಿತು. ಶಿಳ್‌ಫಾಟಾದಲ್ಲಿ ಹಿಂತಿರುಗಬೇಕಾಗಿತ್ತು, ತಿರುಗಲಿಲ್ಲ. ಕಲ್ಯಾಣದ ಕಡೆಗೆ ಹೊರಳಿದ. ಹೇಳಬೇಕು, ಇವತ್ತೇ ಹೇಳಬೇಕು. ನಿರ್ಧಾರ ಆದೊಡನೆ ಅವನಿಗೆ ತನ್ನ ಬಗ್ಗೆ ಒಂದು ಬಗೆಯ ಗೌರವ ಮೂಡಿತು. ಎಷ್ಟು ಜನ ಹೋಗುತ್ತಾರೆ ಹೀಗೆ, ಏಳು ವರ್ಷದ ಮೇಲೆ, ಒಬ್ಬ ಮೆಕ್ಯಾನಿಕನ ಮನೆಗೆ? ತಪ್ಪೊಪ್ಪಿಕೊಳ್ಳುವವನಿಗೂ ಒಂದು ಗತ್ತು ಇರುತ್ತದೆ. ಮಾನಪಾಡಾ ದಾಟುವಷ್ಟರಲ್ಲಿ ಅದು ಅವನ ಬೆನ್ನಿಗೆ ಬಂದು ಕೂತಿತ್ತು. "ನೋಡು ಬೂಬ, ಮನುಷ್ಯ ಅಂದ ಮೇಲೆ..." ಎಂದು ಶುರುಮಾಡಿದ; ಬೇಡ, ಮನುಷ್ಯ ಎಂದರೆ ಎಲ್ಲರೂ ಸೇರಿಹೋಗುತ್ತಾರೆ. "ವಿಜ್ಞಾನದ ದೃಷ್ಟಿಯಿಂದ..." ಅದೂ ಬೇಡ. ಬೂಬನ ಕಣ್ಣಲ್ಲಿ ನೀರು ಬರುತ್ತದೆ. "ಬಿಡಿ ಸರ್" ಎನ್ನುತ್ತಾನೆ. ತಾನು ಅವನ ಹೆಗಲ ಮೇಲೆ ಕೈ ಇಡುತ್ತೇನೆ. ಯಾವ ಕೈ ಎಂಬುದರವರೆಗೆ ಯೋಚಿಸಿಯಾಗಿತ್ತು.

ಕೋಳ್ಸೇವಾಡಿಯಲ್ಲಿ ಮೂರು ಕಡೆ ಕೇಳಿ ಸಿಕ್ಕ ಗ್ಯಾರೇಜು ಬೂಬನ ಮನೆಯ ಮುಂದಿನ ತಗಡಿನ ಮಾಡು. ಅವನು ಒಂದು ಸ್ಕೂಟರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಕಾರಿನ ಸದ್ದಿಗೇ, ತಿರುಗದೆ, "ಎಂಜಿನ್ನಲ್ಲಿ ಟ್ಯಾಪೆಟ್ ಸದ್ದು ಬರ್ತಾ ಉಂಟು," ಎಂದ. ಆಮೇಲೆ ತಿರುಗಿ ಕಾರನ್ನು ನೋಡಿದ, ಆಮೇಲೆ ರಘುಪತಿಯನ್ನು. ಎದ್ದು ನಿಂತ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಮುಚ್ಚಳದ ತೂತು ಬ್ಲಾಕ್ ಆಗಿತ್ತು ಬೂಬ," ಎಂದ ರಘುಪತಿ. ರಿಹರ್ಸಲ್ಲಿನ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. "ನಾನೇ ಹಚ್ಚಿದ ಗಂಧ. ಅವತ್ತೂ ಅದೇ. ನೀನು ಕದ್ದದ್ದಲ್ಲ."

"ಗೊತ್ತುಂಟಲ್ಲ ಸರ್," ಎಂದ ಬೂಬ ಕೈಯನ್ನು ಚಿಂದಿಗೆ ಒರೆಸುತ್ತ. "ಅವತ್ತೇ ಹೇಳಿದ್ದೆ. ನೀವೆಲ್ಲ ನಗಾಡಿದ್ರಿ." ಕಣ್ಣಲ್ಲಿ ನೀರು ಬರಲಿಲ್ಲ. ಹೆಗಲೂ ಕೈಗೆಟುಕುವಷ್ಟು ಹತ್ತಿರವಿರಲಿಲ್ಲ. "ಟ್ಯಾಪೆಟ್ ಸೆಟ್ ಮಾಡಿ ಕೊಡ್ಲಾ?"

ಅಷ್ಟಕ್ಕೇ ಮುಗಿಯಬಹುದಿತ್ತು, ಮುಗಿಯಿತೆಂದು ರಘುಪತಿಯ ಬೆನ್ನು ಸಡಿಲವೂ ಆಗಿತ್ತು. ಆಗ ಒಳಗಿನಿಂದ, ಕೋರಿರೊಟ್ಟಿಯ ಹಿಟ್ಟು ಮೊಣಕೈವರೆಗೆ ಮೆತ್ತಿಕೊಂಡು, ಬೂಬನ ಹೆಂಡತಿ ಜಲಜಾಕ್ಷಿ ಬಾಗಿಲಿಗೆ ಬಂದಳು. ಮದುವೆಯ ದಿನ ಅವಳೂ ಹಾಲಿನಲ್ಲಿದ್ದಳು, ಬಡಿಸುವ ಹೆಂಗಸರ ಜೊತೆ.

"ಇನ್ನೊಮ್ಮೆ ಹೇಳಿ," ಎಂದಳು.

"ಇರ್ಲಿ ಮಾರಾಯ್ತಿ," ಎಂದ ಬೂಬ. "ಅವರು ಹೇಳಿ ಆಯ್ತು."

"ನಿಮಗೆ ಹೇಳಿದ್ದು. ನಿಮಗೆ ಗೊತ್ತಿದ್ದದ್ದೇ. ನನಗೆ ಹೇಳಲಿ."

ರಘುಪತಿ ಇನ್ನೊಮ್ಮೆ ಹೇಳಿದ. ಟ್ಯಾಂಕು, ಗಾಳಿ, ತೂತು, ಗಂಧ. ಹೇಳುತ್ತ ಹೇಳುತ್ತ ಅವನಿಗೆ ಒಂದು ವಿಷಯ ತಿಳಿದುಬಂತು. ಬಿಸಿಯೇರದ ಪಂಪನ್ನು ಮುಟ್ಟಿದಾಗ ತಿಳಿದಂತೆಯೇ. ಈ ಹೆಂಗಸು ಬೂಬನನ್ನು ನಂಬಿರಲಿಲ್ಲ. ಏಳು ವರ್ಷ ಅವಳು ನಂಬಿದ್ದು ರಘುಪತಿಯನ್ನು.

"ನೀವು ಬೇಲಾಪುರದಲ್ಲಿ ದೊಡ್ಡ ಆಫೀಸರು," ಎಂದಳು ಜಲಜಾಕ್ಷಿ. "ಓದಿದವರು ಅಷ್ಟು ಜನರ ಎದುರು ಸುಳ್ಳು ಹೇಳ್ತಾರಾ ಅಂತ ನಾನು. ಪಕ್ಕದ ಮನೆಯ ತಾಮ್ರದ ಹಂಡೆ ಕಾಣದೆ ಹೋದಾಗ ನಾನು ಮೊದಲು ನೋಡಿದ್ದು ಇವರ ಮುಖ. ಹಂಡೆ ಅವರ ಅತ್ತೆ ಮನೆಯಲ್ಲೇ ಇತ್ತು. ಇವರಿಗೂ ಗೊತ್ತಾಯ್ತು ನಾನು ನೋಡಿದ್ದು. ಇಬ್ಬರೂ ಎಂತ ಮಾತಾಡ್ಲಿಲ್ಲ."

ಬೂಬ ಚಿಂದಿಯಿಂದ ಒಂದು ಸ್ಪಾನರನ್ನು ಒರೆಸಿದ, ಆಗಲೇ ಚೊಕ್ಕಟವಾಗಿದ್ದದ್ದನ್ನು.

"ಅವತ್ತು ನೀವು ಹೇಳಿದ್ದನ್ನು ನೋಡದೆ ನಂಬಿದೆ," ಎಂದಳು ಅವಳು. "ಇವತ್ತು ನೋಡದೆ ನಂಬುದಿಲ್ಲ. ಅಷ್ಟು ಸಣ್ಣ ತೂತಿಗೆ ಇಷ್ಟು ದೊಡ್ಡ ಗಾಡಿ ನಿಲ್ತದಾ? ನಿಲ್ಲಿಸಿ ತೋರಿಸಿ."

"ಯಾಕಿಲ್ಲ?" ಎಂದ ರಘುಪತಿ. ಇದು ಅವನ ಕ್ಷೇತ್ರ. "ಖಂಡಿತ ನಿಲ್ಲಿಸ್ತೇನೆ. ಸ್ವಲ್ಪ ಹಿಟ್ಟು ಕೊಡಿ."

"ಹಿಟ್ಟು ಪೆಟ್ರೋಲ್ ಆವಿಗೆ ನಿಲ್ಲುದಿಲ್ಲ," ಎಂದ ಬೂಬ, ಮೊದಲ ಬಾರಿಗೆ ಹತ್ತಿರ ಬಂದು. "ಸಾಬೂನು. ಟ್ಯಾಂಕ್ ಲೀಕಿಗೆ ನಾವು ಹಚ್ಚುದು ಅದನ್ನೇ." ಬಚ್ಚಲಿನಿಂದ ಸವೆದ ಒಂದು ತುಂಡು ತಂದು, ತೂತಿನೊಳಗೆ ಹೆಬ್ಬೆರಳಿನಿಂದ ಒತ್ತಿ, ಮೇಲೆ ಸವರಿದ. ಮುಚ್ಚಳವನ್ನು ಹಾಕಲು ಮಾತ್ರ ರಘುಪತಿಯ ಕೈಗೇ ಕೊಟ್ಟ.

ಪೆಟ್ರೋಲ್ ಪಂಪಿನಲ್ಲಿ ಮತ್ತೆ ಕಂಠಮಟ್ಟ ತುಂಬಿಸಿಕೊಂಡು ಹೊರಟರು. ಬೂಬ ಮುಂದೆ, ಪಕ್ಕದಲ್ಲಿ. ಜಲಜಾಕ್ಷಿ ಹಿಂದೆ, ಕೈ ತೊಳೆದು ಸೀರೆ ಬದಲಿಸಿ, ಆಸ್ಪತ್ರೆಗೆ ಹೊರಟವಳಂತೆ ನೆಟ್ಟಗೆ ಕೂತು. ಪತ್ರಿಪೂಲ್ ದಾಟಿ ಶಿಳ್ ರಸ್ತೆ. ಎರಡು ಕಿಲೋಮೀಟರು, ನಾಲ್ಕು, ಆರು. ಕಾರು ನಿಲ್ಲಲಿಲ್ಲ. ತೊಂಬತ್ತಾರರಲ್ಲೂ ಅದು ಇಷ್ಟು ಚೆನ್ನಾಗಿ ಓಡಿರಲಿಕ್ಕಿಲ್ಲ. ಒಂದು ಬಿಕ್ಕಳಿಕೆಗಾಗಿ ರಘುಪತಿ ಪಾದದಿಂದ, ಅಂಗೈಯಿಂದ, ಸೊಂಟದಿಂದ ಕಿವಿಗೊಟ್ಟ, ಎಂಜಿನ್ನು ಹಾಡಿಕೊಂಡಿತ್ತು. ಕಾಟೈ ನಾಕಾದಲ್ಲಿ ತಿರುಗಿಸಿ ವಾಪಸು ಹೊರಟ. ಕನ್ನಡಿಯಲ್ಲಿ ಜಲಜಾಕ್ಷಿಯ ಮುಖ. ಆ ಮುಖ ಈಗ ಬೂಬನ ಬೆಳ್ಳಗಿನ ತಲೆಯ ಹಿಂಭಾಗವನ್ನು ನೋಡುತ್ತಿತ್ತು. ಹಂಡೆ ಕಾಣದ ದಿನ ಹೀಗೇ ನೋಡಿದ್ದಳೇನೋ. ಜೀವಮಾನವಿಡೀ ಕಾರು ನಿಲ್ಲದಿರಲಿ ಎಂದು ಬೇಡಿಕೊಂಡವನು ಈಗ ನಿಲ್ಲು, ನಿಲ್ಲು ಶನಿಯೇ ಎಂದು ಬೇಡಿದ. ಬೇಡಿಕೆ ಯಾವ ದೇವರ ಖಾತೆಗೆ ಬರುತ್ತದೆಂದು ತಿಳಿಯಲಿಲ್ಲ. ಗಂಧ ನಿಲ್ಲಿಸಿದ್ದನ್ನು ಸಾಬೂನು ನಿಲ್ಲಿಸದೆ ಹೋದರೆ? ತಾನು ಸುಳ್ಳುಗಾರನಾಗುವುದು ದೊಡ್ಡದಲ್ಲ, ಅದಕ್ಕೆ ಅವನು ತಯಾರಾಗಿದ್ದ. ಆದರೆ ಬೂಬ ಇನ್ನೊಮ್ಮೆ ಕಳ್ಳನಾಗುತ್ತಾನೆ, ಈ ಸಲ ಸಾಕ್ಷಿಸಮೇತ.

ಡ್ಯಾಶ್‌ಬೋರ್ಡಿನಡಿ ಚೋಕಿನ ಗುಂಡಿ ಇತ್ತು. ಬಿಸಿ ಎಂಜಿನ್ನಿಗೆ ಚೋಕ್ ಎಳೆದರೆ ಪೆಟ್ರೋಲು ಉಕ್ಕಿ ಎಂಜಿನ್ನು ಮುಳುಗುತ್ತದೆ. ಬಿಕ್ಕಳಿಸುತ್ತದೆ, ಎಳೆಯುತ್ತದೆ, ನಿಲ್ಲುತ್ತದೆ. ಹಿಂದೆ ಕೂತವಳಿಗೆ ಏನು ತಿಳಿಯುತ್ತದೆ? ಅವಳ ಮನೆ ನೆಮ್ಮದಿಯಾಗುತ್ತದೆ. ನಿಜವನ್ನು ಸ್ವಲ್ಪ ಬೇಗ ಬರಮಾಡಿಕೊಂಡಂತೆ, ಅಷ್ಟೆ. ಅವನ ಎಡಗೈ ಗೇರಿನಿಂದ ಇಳಿದು ಗುಂಡಿಯನ್ನು ಮುಟ್ಟಿತು.

"ಬೇಡ," ಎಂದ ಬೂಬ, ರಸ್ತೆಯನ್ನೇ ನೋಡುತ್ತ, ಅವನಿಗಷ್ಟೇ ಕೇಳುವಂತೆ. "ಅದಾಗಿ ನಿಲ್ಲಲಿ."

"ನಿಲ್ಲದಿದ್ರೆ?"

"ನಿಲ್ಲದಿದ್ರೆ ಇಲ್ಲ."

ರಘುಪತಿ ಕೈ ತೆಗೆದ. ಒಂದು ಸಾವಿರ ಕಡತಗಳಿಗೆ ಸಹಿ ಹಾಕಿದ ಕೈ. ಅದಕ್ಕೆ ಇಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಮುಂದೆ ಪತ್ರಿಪೂಲಿನ ಏರು. ಭಾನುವಾರದ ಹನ್ನೊಂದು ಗಂಟೆ. ಕಲ್ಯಾಣದ ಅರ್ಧ ಜನ ಪೂರ್ವದಿಂದ ಪಶ್ಚಿಮಕ್ಕೂ ಉಳಿದರ್ಧ ಪಶ್ಚಿಮದಿಂದ ಪೂರ್ವಕ್ಕೂ ಹೊರಟಿದ್ದರು. ಸೇತುವೆಯ ನಡುಮಧ್ಯ, ಕೆಳಗೆ ಒಂದು ಲೋಕಲ್ ರೈಲು ಹಾದುಹೋಗುತ್ತಿದ್ದಾಗ, ಕಾರು ಬಿಕ್ಕಳಿಸಿತು. ಎರಡು ಸಲ ಎಳೆಯಿತು. ನಿಂತಿತು.

"ನಿಂತಿತು!" ಎಂದು ಕೂಗಿದ ರಘುಪತಿ. ಮೊದಲ ಮೊಮ್ಮಗು ಹುಟ್ಟಿದಾಗಲೂ ಅವನು ಹೀಗೆ ಕೂಗಿರಲಿಲ್ಲ. ಬೂಬ ಮಾತ್ರ ಕಣ್ಣು ಮುಚ್ಚಿ, ಬಹಳ ಹೊತ್ತಿನಿಂದ ಹಿಡಿದದ್ದನ್ನು ಕೆಳಗಿಟ್ಟವನಂತೆ ಸೀಟಿಗೆ ಒರಗಿದ. ಹಿಂದೆ ರಿಕ್ಷಾಗಳು, ಬಸ್ಸು, ಟೆಂಪೋ ಒಂದೊಂದಾಗಿ ಹಾರ್ನ್ ಶುರುಮಾಡಿದವು.

ಜಲಜಾಕ್ಷಿ ಇಳಿದಳು. ಬೂಬ ಇಳಿಯಹೋದಾಗ "ನೀವು ಕೂತುಕೊಳ್ಳಿ" ಎಂದಳು. ಹಿಂದೆ ಹೋಗಿ ಮುಚ್ಚಳವನ್ನು ಎರಡೂ ಕೈಯಿಂದ ತಿರುಗಿಸಿದಳು, ಅದು ಬರಲಿಲ್ಲ, ಸೆರಗಿನಿಂದ ಹಿಡಿದು ತಿರುಗಿಸಿದಳು. ಬಂತು. ಅಷ್ಟು ಹಾರ್ನುಗಳ ನಡುವೆ ಆ ಸದ್ದು ಯಾರಿಗೂ ಕೇಳಿಸುವಂತಿರಲಿಲ್ಲ. ಅವಳು ಬಗ್ಗಿ, ಕಿವಿಯಿಟ್ಟು, ಅದು ಪೂರ್ತಿ ಮುಗಿಯುವವರೆಗೆ ಕೇಳಿದಳು.

"ಇಷ್ಟೇಯಾ?" ಎಂದಳು. ಯಾರನ್ನೂ ಉದ್ದೇಶಿಸಿರಲಿಲ್ಲ. "ಇಷ್ಟಕ್ಕಾ?"

ಅಷ್ಟರಲ್ಲಿ ಟ್ರಾಫಿಕ್ ಪೊಲೀಸ್ ಬಂದಿದ್ದ. "ಕೋಣಾಚೀ ಗಾಡೀ? ಪುಲಾವರ್ ಕಾಯ್ ತಮಾಶಾ ಲಾವ್ಲಾಯ್?" ಯಾರ ಗಾಡಿ, ಸೇತುವೆ ಮೇಲೆ ಇದೇನು ತಮಾಷೆ ಎಂದು ಅವನು ಬಾನೆಟ್ಟು ತಟ್ಟಿದ.

"ಯಾ ಸಾಹೇಬಾಂಚೀ," ಎಂದಳು ಜಲಜಾಕ್ಷಿ, ಈ ಸಾಹೇಬರದ್ದು. ಕೈಯಲ್ಲಿದ್ದ ಮುಚ್ಚಳದಿಂದಲೇ ರಘುಪತಿಯನ್ನು ತೋರಿಸಿ ಸೇರಿಸಿದಳು: "ಚೂಕ್ ಪಣ್ ತ್ಯಾಂಚೀಚ್." ತಪ್ಪೂ ಅವರದ್ದೇ.

ಪೊಲೀಸ್ ಕಿಟಕಿಗೆ ಬಗ್ಗಿದ. "ತುಮ್ಚೀ ಚೂಕ್?"

ರಘುಪತಿ ಕಿಟಕಿಯಿಂದ ತಲೆ ಹೊರಹಾಕಿದ. ಹಿಂದಿನ ಬಸ್ಸಿನ ಜನ, ಮೂರು ರಿಕ್ಷಾದವರು, ಗ್ಯಾಸ್ ಸಿಲಿಂಡರಿನ ಟೆಂಪೋದವನು ನೋಡುತ್ತಿದ್ದರು. "ಹೋ, ಮಾಝೀ ಚೂಕ್," ಹೌದು, ನನ್ನದೇ ತಪ್ಪು ಎಂದ, ಹಾರ್ನುಗಳಿಗಿಂತ ಗಟ್ಟಿಯಾಗಿ. ಆಮೇಲೆ ಬೂಬನ ಕಡೆ ಬೆರಳು ಮಾಡಿ, ಇನ್ನೂ ಗಟ್ಟಿಯಾಗಿ, "ಯಾಂಚೀ ನಾಹೀ!" ಇವರದ್ದಲ್ಲ.

"ತ್ಯಾಂಚಂ ನಾವ್ ಕೋಣ್ ಘೇತಂಯ್?" ಎಂದ ಪೊಲೀಸ್, ಇವರ ಹೆಸರು ಯಾರು ಎತ್ತಿದರು ಎಂದು ನಿಜವಾಗಿ ಅರ್ಥವಾಗದೆ. "ಆಧೀ ಗಾಡೀ ಕಾಢಾ." ಮೊದಲು ಗಾಡಿ ತೆಗೀರಿ.

ಬೂಬ ಸೇಫ್ಟಿಪಿನ್ನಿನಿಂದ ಸಾಬೂನು ಕೆದಕಿ ಮುಚ್ಚಳ ಹಾಕಿ ಬಂದ. ಬರುವಷ್ಟರಲ್ಲಿ ಜಲಜಾಕ್ಷಿ ಮುಂದಿನ ಸೀಟಿನಲ್ಲಿ ಕೂತಿದ್ದಳು. "ಇವರು ಓಡಿಸಲಿ," ಎಂದಳು. ರಘುಪತಿ ಇಳಿದು ಹಿಂದೆ ಹೋಗಿ ಕೂತ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಸೀಟಿನಲ್ಲಿ ಅವನು ಕೂತದ್ದು ಇದೇ ಮೊದಲು. ಮೊಣಕಾಲಿಗೆ ಜಾಗ ಕಡಿಮೆ ಎಂದು ಸುಲೋಚನಾ ಹೇಳುತ್ತಿದ್ದದ್ದು ನಿಜವಾಗಿತ್ತು. ಬೂಬ ನಾಲ್ಕನೆಯ ಸೆಲ್ಫಿಗೆ ಎಂಜಿನ್ನನ್ನು ಎಬ್ಬಿಸಿದ. ಕಾರು ಸೇತುವೆ ಇಳಿಯಿತು. ಜಲಜಾಕ್ಷಿ ಗಂಡನ ಅಂಗಿಯ ತೋಳಿಗೆ ತಾಗಿದ್ದ ಸಾಬೂನನ್ನು ಉಗುರಿನಿಂದ ತೆಗೆದಳು. ಆಮೇಲೆ ಹಿಂದೆ ತಿರುಗಿದಳು.

"ಅವತ್ತು ಮದುವೆಯಲ್ಲಿ ಎಷ್ಟು ಜನ ಇದ್ರು ಸರ್?"

"ಮುನ್ನೂರು ಇರಬಹುದು."

"ಅವರೂ ನೋಡ್ಬೇಕಲ್ಲ. ಈ ಗಾಡಿಯಲ್ಲಿ ಒಂದು ಸಲಕ್ಕೆ ಎಷ್ಟು ಜನ ಹಿಡೀತಾರೆ?"

ತಮಾಷೆಯೆಂದುಕೊಂಡು ರಘುಪತಿ ನಗಲು ಹೊರಟ. ಅವಳ ಮುಖ ನೋಡಿ ನಿಲ್ಲಿಸಿದ.

"ನಾಲ್ಕು," ಎಂದ. ಆಮೇಲೆ ಮೊಣಕಾಲನ್ನು ಸ್ವಲ್ಪ ಓರೆಮಾಡಿ ಜಾಗ ಅಳೆದು ನೋಡಿ, "ಒತ್ತಿ ಕೂತರೆ ಐದು," ಎಂದ.